ಮೂರು ಬಗೆ ಸಾಕಾ, ಐದು ಬೇಕಾ? ಅತಿಥಿಗಳಿಗೆ ಫ್ರೆಂಚ್ ಚೀಸ್ ತಟ್ಟೆ ಜೋಡಿಸುವಾಗ

ಫ್ರಾನ್ಸಿನ ಮನೆಗಳಲ್ಲಿ ಚೀಸ್ ಬರುವುದು ಮುಖ್ಯ ಅಡುಗೆ ಮುಗಿದ ಮೇಲೆ, ಸಿಹಿಗಿಂತ ಮೊದಲು. ನಮ್ಮ ಊಟದಲ್ಲಿ ಮೊಸರನ್ನಕ್ಕೆ ಒಂದು ಜಾಗ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆಯೇ. ಆ ಹೊತ್ತಿಗೆ ಬಂದವರ ಹೊಟ್ಟೆ ಮುಕ್ಕಾಲು ತುಂಬಿರುತ್ತದೆ. ಒಂದೆರಡು ಹೋಳು ಬ್ರೆಡ್ಡು, ಎರಡು ಮೂರು ತುಂಡು ಚೀಸ್, ಅಷ್ಟೇ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ನನಗೆ ಇದು ಗೊತ್ತಿರಲಿಲ್ಲ. ದಕ್ಷಿಣ ಫ್ರಾನ್ಸಿನ ತುಲೂಸ್‌ಗೆ ಬಂದ ಮೊದಲ ವರ್ಷ ಐದು ಜನರನ್ನು ಊಟಕ್ಕೆ ಕರೆದಿದ್ದೆ. ಏಳು ಬಗೆಯ ಚೀಸ್ ತಂದೆ. ತಟ್ಟೆ ನೋಡಲು ತುಂಬಿದ ಹಾಗಿತ್ತು, ಆದರೆ ಒಂದೊಂದೂ ಎರಡು ಬೆರಳಗಲದ ತುಂಡು. ಮೆತ್ತನೆಯ ಚೀಸ್ ಕರಗಿ ಪಕ್ಕದ ಗಟ್ಟಿ ಚೀಸಿಗೆ ಅಂಟಿತು. ಇದ್ದದ್ದು ಒಂದೇ ಚಾಕು, ನೀಲಿ ಬೂಷ್ಟಿನ ಚೀಸ್ ಕೊಯ್ದ ಮೇಲೆ ಎಲ್ಲದಕ್ಕೂ ಅದರದೇ ವಾಸನೆ. ಬಂದವರು ಒಳ್ಳೆಯ ಮಾತೇ ಆಡಿದರು. ಆದರೆ ಒಂದಾದರೂ ಚೀಸ್ ಬಗ್ಗೆ ಯಾರೂ 'ಇದು ಯಾವುದು?' ಅಂತ ಕೇಳಲಿಲ್ಲ. ಅವತ್ತಿನಿಂದ ನಾನು ಹಿಡಿದ ಲೆಕ್ಕ ಒಂದೇ: ಬಗೆ ಕಡಿಮೆ ಇರಲಿ, ತುಂಡು ದೊಡ್ಡದಿರಲಿ.

ಒಂದೋ, ಮೂರೋ, ಐದೋ

ಊಟದ ನಂತರ ಕೊಡುವ ತಟ್ಟೆಗೆ ತಲಾ 60ರಿಂದ 80 ಗ್ರಾಂ ಸಾಕು. ಚೀಸೇ ಊಟವಾದರೆ, ಅಂದರೆ ಬ್ರೆಡ್ಡು ಮತ್ತು ಸೊಪ್ಪಿನ ಸಲಾಡ್ ಜೊತೆ ಅದೇ ರಾತ್ರಿಯೂಟವಾದರೆ, ತಲಾ 200ರಿಂದ 250 ಗ್ರಾಂ ಇಟ್ಟುಕೊಳ್ಳಿ.

ಈಗ ಲೆಕ್ಕ ಮಾಡಿ ನೋಡೋಣ. ಆರು ಜನ, ತಲಾ 70 ಗ್ರಾಂ, ಒಟ್ಟು 420 ಗ್ರಾಂ. ಐದು ಬಗೆ ತಂದರೆ ಒಂದೊಂದೂ 84 ಗ್ರಾಂ, ಒಬ್ಬರ ಪಾಲಿಗೆ 14 ಗ್ರಾಂ. ಅದು ಒಂದು ತುತ್ತು. ಬಾಯಿಗೆ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ. ಮೂರೇ ಬಗೆ ತಂದರೆ ಒಂದೊಂದೂ 140 ಗ್ರಾಂ, ಒಬ್ಬರಿಗೆ 23 ಗ್ರಾಂ. ಎರಡು ತುತ್ತು, ಮೊದಲನೆಯದು ಪರಿಚಯಕ್ಕೆ, ಎರಡನೆಯದು ರುಚಿಗೆ. ಜೊತೆಗೆ ಸಣ್ಣ ತುಂಡು ಬೇಗ ಒಣಗುತ್ತದೆ, ದೊಡ್ಡದು ಮೇಜಿನ ಮೇಲೆ ಒಂದು ಗಂಟೆ ಇಟ್ಟರೂ ಹಸನಾಗಿರುತ್ತದೆ. ಹಾಗಾಗಿ ಎಂಟು ಜನರ ತನಕ ಮೂರು, ಹತ್ತು ಜನ ದಾಟಿದರೆ ಐದು. ಇಲ್ಲಿನವರಿಗೆ ತಟ್ಟೆಯಲ್ಲಿ ಬೆಸ ಸಂಖ್ಯೆ ಇಡುವ ರೂಢಿಯಿದೆ. ನಾಲ್ಕು ಇಟ್ಟರೆ ಯಾರೂ ಬೇಜಾರಾಗುವುದಿಲ್ಲ.

ಒಂದೇ ಚೀಸ್ ಇಡುವುದು ಬಡತನ ಅಂದುಕೊಳ್ಳಬೇಡಿ. ಚೆನ್ನಾಗಿ ಹಣ್ಣಾದ ಒಂದು ದೊಡ್ಡ ಬ್ರೀ ಹೋಳು (ಮೆತ್ತನೆಯದು), ಅಥವಾ ಅರ್ಧ ಕಿಲೋ ಕೊಂತೆ (ಗಟ್ಟಿಯದು), ಪಕ್ಕದಲ್ಲಿ ಒಳ್ಳೆಯ ಬ್ರೆಡ್ಡು. ಇದಕ್ಕಿಂತ ಅಂದವಾದ ತಟ್ಟೆ ನಾನು ಕಂಡಿಲ್ಲ. ಚಳಿಗಾಲದಲ್ಲಾದರೆ ಮೋಂ ದೋರ್ ಇದೆ. ಸ್ಪ್ರೂಸ್ ಮರದ ತೊಗಟೆಯ ಪಟ್ಟಿ ಸುತ್ತಿ, ಮರದ ಡಬ್ಬಿಯಲ್ಲಿ ಬರುವ ಚೀಸ್. ಆಗಸ್ಟ್ 15ರಿಂದ ಮಾರ್ಚ್ 15ರವರೆಗೆ ಮಾತ್ರ ಮಾಡುತ್ತಾರೆ. ಡಬ್ಬಿ ಸಮೇತ ಓವನ್‌ನಲ್ಲಿ ಬಿಸಿ ಮಾಡಿ ಚಮಚದಲ್ಲಿ ತೆಗೆದು ತಿನ್ನಬಹುದು. ಅದರ ಪಕ್ಕ ಬೇರೆ ಚೀಸ್ ಇಡಲೇಬೇಡಿ. ಒಂದೇ ಬಗೆಯ ತಟ್ಟೆಗೆ ಒಂದೇ ತೊಂದರೆ: ಅದು ಯಾರಿಗಾದರೂ ಹಿಡಿಸದಿದ್ದರೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ಬರುವವರ ನಾಲಿಗೆ ಗೊತ್ತಿದ್ದಾಗ ಒಂದು, ಗೊತ್ತಿಲ್ಲದಾಗ ಮೂರು.

ಆ ಮೂರು ಒಂದಕ್ಕೊಂದು ದೂರದ್ದಾಗಿರಬೇಕು. ಹಾಲು ಬೇರೆ ಇರಲಿ: ಒಂದು ಹಸುವಿನದು, ಒಂದು ಮೇಕೆಯದು, ಒಂದು ಕುರಿಯದು. ಮೈಯೂ ಬೇರೆ ಇರಲಿ: ಒಂದು ಗಟ್ಟಿ, ಒಂದು ಮೆತ್ತಗೆ, ಒಂದು ಪುಡಿಪುಡಿ. ಬ್ರೀ, ಕಮಂಬೆರ್ ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟರೆ ಅಣ್ಣ ತಮ್ಮಂದಿರನ್ನು ಅಕ್ಕಪಕ್ಕ ಕೂರಿಸಿದ ಹಾಗೆ. ಯಾವುದು ಯಾವುದು ಅಂತ ಹೊಸಬರಿಗೆ ತಿಳಿಯುವುದಿಲ್ಲ. ಹಾಗಾಗಿ ಒಂದೊಂದು ಬಗೆಯಲ್ಲಿ ಒಂದನ್ನೇ ಆರಿಸಬೇಕು. ಯಾವುದನ್ನು ಅನ್ನುವುದೇ ಮುಂದಿನ ಮಾತು.

ಬ್ರೀ ಅಥವಾ ಕಮಂಬೆರ್

ಎರಡೂ ಹಸುವಿನ ಹಾಲಿನವು. ಎರಡಕ್ಕೂ ಹೊರಗೆ ಬಿಳಿ ಬೂಷ್ಟಿನ ತೆಳು ಸಿಪ್ಪೆ, ಒಳಗೆ ಬೆಣ್ಣೆಯಂಥ ಮೈ. ಆ ಸಿಪ್ಪೆಯನ್ನು ತಿನ್ನಬಹುದು, ತಿನ್ನಬೇಕು ಕೂಡ. ವ್ಯತ್ಯಾಸ ಇರುವುದು ಗಾತ್ರದಲ್ಲಿ, ಗಾತ್ರದಿಂದಾಗಿ ಹಣ್ಣಾಗುವ ರೀತಿಯಲ್ಲಿ.

ಬ್ರೀ ದ ಮೋ ಪ್ಯಾರಿಸ್ಸಿನ ಪೂರ್ವಕ್ಕಿರುವ ಮೋ ಊರಿನ ಹೆಸರು ಹೊತ್ತದ್ದು. ಸುಮಾರು 36 ಸೆಂಟಿಮೀಟರ್ ಅಗಲದ ಚಪ್ಪಟೆ ಬಿಲ್ಲೆ. ಒಂದು ಬಿಲ್ಲೆಗೆ ಸುಮಾರು 25 ಲೀಟರ್ ಹಾಲು ಹೋಗುತ್ತದೆ. ಅದನ್ನು ಯಾರೂ ಇಡಿಯಾಗಿ ಕೊಳ್ಳುವುದಿಲ್ಲ, ಹೋಳು ಮಾಡಿಸಿಕೊಂಡು ಬರುತ್ತಾರೆ. ಕಮಂಬೆರ್ ನಮ್ಮ ಅಂಗೈಯಗಲದ್ದು, 250 ಗ್ರಾಂ ತೂಗುತ್ತದೆ, ಮರದ ತೆಳು ಡಬ್ಬಿಯಲ್ಲಿ ಬರುತ್ತದೆ. ಕಮಂಬೆರ್ ಎಂಬ ಬರೀ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಡಬ್ಬಿಯ ಮೇಲೆ 'ಕಮಂಬೆರ್ ದ ನೊರ್ಮಾಂದಿ' ಎಂದು ಪೂರ್ತಿ ಇದ್ದು, ಎಒಪಿ ಮುದ್ರೆ (ಹುಟ್ಟಿದ ಸೀಮೆಯ ಹೆಸರಿಗೆ ಕಾನೂನು ಕೊಡುವ ರಕ್ಷಣೆಯ ಗುರುತು) ಇದ್ದರೆ ಮಾತ್ರ ಅದು ನಾರ್ಮಂಡಿಯದು, ಕಾಯಿಸದ ಹಾಲಿನದು, ಹೆಪ್ಪುಗಟ್ಟಿದ ಹಾಲನ್ನು ಸೌಟಿನಲ್ಲಿ ಪದರ ಪದರವಾಗಿ ಅಚ್ಚಿಗೆ ತುಂಬಿದ್ದು. ಆ ರಕ್ಷಣೆ ಅದಕ್ಕೆ ಸಿಕ್ಕಿದ್ದು 1983ರಲ್ಲಿ. ಬ್ರೀ ದ ಮೋಗೆ ಸಿಕ್ಕಿದ್ದು 1980ರಲ್ಲಿ.

ರುಚಿ ಹೇಳುವುದಾದರೆ ಬ್ರೀ ಸೌಮ್ಯ. ಬೆಣ್ಣೆ, ಸ್ವಲ್ಪ ಅಣಬೆ. ಕಮಂಬೆರ್ ಗಡುಸು. ಹಣ್ಣಾದದ್ದು ಬಾಯಿಗೆ ಬಿದ್ದರೆ ಕೊಟ್ಟಿಗೆಯ ನೆನಪು ಬರುತ್ತದೆ, ಅದನ್ನು ನಾನು ಇಷ್ಟಪಟ್ಟೇ ಹೇಳುತ್ತಿದ್ದೇನೆ. ಮೊದಲ ಸಲ ಫ್ರೆಂಚ್ ಚೀಸ್ ತಿನ್ನುವ ನಮ್ಮೂರಿನ ಗೆಳೆಯರಿಗೆ ಬ್ರೀ. ಇಲ್ಲಿನವರಿಗೆ ಕಮಂಬೆರ್. ಆರು ಜನಕ್ಕೆ ಮೂರು ಬಗೆ ಇಡುವಾಗ ಇನ್ನೊಂದು ಲೆಕ್ಕವೂ ಇದೆ: ಬ್ರೀಯನ್ನು ಬೇಕಾದಷ್ಟೇ, 140 ಗ್ರಾಂ ಕತ್ತರಿಸಿಕೊಡುತ್ತಾರೆ. ಕಮಂಬೆರ್ ತಂದರೆ ಸಾಮಾನ್ಯವಾಗಿ ಇಡೀ ಡಬ್ಬಿ ತರಬೇಕು.

ಹಣ್ಣಾಗಿದೆಯಾ ಅಂತ ನೋಡುವುದು ಕಷ್ಟವಲ್ಲ. ಕಮಂಬೆರ್‌ನ ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಮಾವಿನಹಣ್ಣು ಒತ್ತಿ ನೋಡುವಷ್ಟೇ ಮೆಲ್ಲಗೆ. ಅಂಚಿನಲ್ಲೂ ನಡುವಿನಲ್ಲೂ ಒಂದೇ ಸಮ ಮೆತ್ತಗಿದ್ದರೆ ಇವತ್ತೇ ತಿನ್ನಬೇಕು. ನಡುವೆ ಗಟ್ಟಿ ಇದ್ದರೆ ಇನ್ನೂ ಕೆಲವು ದಿನ ಬೇಕು. ಬ್ರೀ ಹೋಳಿನಲ್ಲಾದರೆ ಕಣ್ಣಿಗೇ ಕಾಣುತ್ತದೆ. ನಡುವೆ ಸುಣ್ಣದಂಥ ಬಿಳಿ ಗೆರೆ ದಪ್ಪಗಿದ್ದರೆ ಅದು ಇನ್ನೂ ಕಾಯಿ. ಮೂಗಿಗೆ ಅಮೋನಿಯಾ ಘಾಟು ಹೊಡೆದರೆ ಹೊತ್ತು ಮೀರಿದೆ ಅಂತ ಅರ್ಥ. ಒಳ್ಳೆಯ ಅಂಗಡಿಯವರು ತಾವೇ ಕೇಳುತ್ತಾರೆ: 'ಯಾವಾಗ ತಿನ್ನುತ್ತೀರಿ ಮದಾಂ, ಇವತ್ತು ರಾತ್ರಿಗೋ ನಾಳೆ ಮಧ್ಯಾಹ್ನಕ್ಕೋ?' ಈ ಪ್ರಶ್ನೆ ಕೇಳುವ ಅಂಗಡಿಯನ್ನು ಬಿಡಬೇಡಿ.

ಕೊಂತೆ, ಬೋಫೋರ್, ಓಸ್ಸೋ ಇರಾತಿ

ಗಟ್ಟಿ ಚೀಸ್ ತಟ್ಟೆಯ ಬೆನ್ನೆಲುಬು. ಬೇರೇನೂ ಹಿಡಿಸದವರೂ ಇದನ್ನು ತಿನ್ನುತ್ತಾರೆ. ಹಾಗಾಗಿ ಇದನ್ನು ಉಳಿದ ಎರಡಕ್ಕಿಂತ ಸ್ವಲ್ಪ ಜಾಸ್ತಿಯೇ ತನ್ನಿ.

ನನ್ನ ಮೊದಲ ಆಯ್ಕೆ ಕೊಂತೆ. ಸ್ವಿಟ್ಜರ್ಲೆಂಡ್ ಗಡಿಯ ಜೂರಾ ಬೆಟ್ಟಗಳದ್ದು. ಸುಮಾರು 400 ಲೀಟರ್ ಹಾಲಿನಿಂದ ಸುಮಾರು 40 ಕಿಲೋದ ಒಂದು ಗಾಲಿ ಆಗುತ್ತದೆ. ಕಡಿಮೆ ಅಂದರೂ ನಾಲ್ಕು ತಿಂಗಳು ನೆಲಮಾಳಿಗೆಯಲ್ಲಿ ಇರಬೇಕು. ಎರಡು ವರ್ಷ ದಾಟಿದವೂ ಸಿಗುತ್ತವೆ. ನನಗೆ ಅದರಲ್ಲಿ ತುಂಬಾ ಇಷ್ಟವಾದ ವಿಷಯ ಅಂದರೆ ಪ್ರತಿ ಗಾಲಿಗೂ 20ಕ್ಕೆ ಅಂಕ ಹಾಕುತ್ತಾರೆ, ಶಾಲೆಯ ಪರೀಕ್ಷೆಯ ಹಾಗೆ. 14ಕ್ಕಿಂತ ಜಾಸ್ತಿ ಬಂದರೆ ಹಸಿರು ಪಟ್ಟಿ, 12ರಿಂದ 14 ಬಂದರೆ ಕಂದು ಪಟ್ಟಿ, 12ಕ್ಕಿಂತ ಕೆಳಗೆ ಬಿದ್ದರೆ ಅದಕ್ಕೆ ಕೊಂತೆ ಅನ್ನುವ ಹೆಸರೇ ಇಲ್ಲ. ಅತಿಥಿಗಳಿಗೆ 12ರಿಂದ 18 ತಿಂಗಳಿನದು ಕೇಳಿ. ಅದಕ್ಕಿಂತ ಎಳೆಯದಾದರೆ ಸಪ್ಪೆ. ತುಂಬಾ ಹಳೆಯದಾದರೆ ಉಪ್ಪು ಮತ್ತು ಖಾರ ಮುಂದೆ ಬಂದು ಹಣ್ಣಿನ, ಹುರಿದ ಬೀಜದ ಪರಿಮಳ ಹಿಂದೆ ಸರಿಯುತ್ತದೆ. ಕಚ್ಚಿದಾಗ ಹರಳಿನಂತೆ ಕರಕರ ಅಂದರೆ ಅದು ಉಪ್ಪಲ್ಲ. ಮಾಗುವಾಗ ಹಾಲಿನ ಪ್ರೋಟೀನ್ ಒಡೆದು ಆದ ಟೈರೊಸಿನ್ ಹರಳು.

ಬೋಫೋರ್ ಸವೋವಾ ಪ್ರಾಂತ್ಯದ ಆಲ್ಪ್ಸ್ ಬೆಟ್ಟದ್ದು. ಗಾಲಿಯ ಅಂಚು ಒಳಕ್ಕೆ ಬಾಗಿರುವುದೇ ಗುರುತು. ಕೊಂತೆಗಿಂತ ನುಣುಪು, ಬೆಣ್ಣೆ ಜಾಸ್ತಿ, ಸಾಮಾನ್ಯವಾಗಿ ಬೆಲೆಯೂ ಜಾಸ್ತಿ. ಅದರ ಬೇಸಗೆಯ ಬೆಟ್ಟದ ಹಾಲಿನದು ಸಿಕ್ಕರೆ ಹಣ ನೋಡಬೇಡಿ. ಇಲ್ಲದಿದ್ದರೆ ಕೊಂತೆಯೇ ಸಾಕು. ಓಸ್ಸೋ ಇರಾತಿ ಪಿರಿನೀಸ್ ಬೆಟ್ಟದ ಕುರಿ ಹಾಲಿನದು, ಇಲ್ಲಿ ತುಲೂಸ್‌ನಲ್ಲಿ ಎಲ್ಲ ಕಡೆ ಸಿಗುತ್ತದೆ. ಸಿಹಿ ಸಿಹಿ, ಎಣ್ಣೆಯಂಥ ನುಣುಪು. ಕಪ್ಪು ಚೆರ್ರಿ ಜಾಮ್ ಜೊತೆ ತಿನ್ನುವುದು ಬಾಸ್ಕ್ ಸೀಮೆಯ ರೂಢಿ. ನಮ್ಮ ಮಕ್ಕಳಿಗೆ ಮೂರರಲ್ಲಿ ಇದೇ ಪ್ರೀತಿ.

ಎಮ್ಮೆಂತಾಲ್ ಅಗ್ಗ, ಹಾಗಾಗಿ ಕೈ ಅದರ ಕಡೆ ಹೋಗುತ್ತದೆ. ಅದು ಗ್ರಾಟಿನ್‌ನಂಥ ಓವನ್ ಅಡುಗೆಯ ಮೇಲೆ ತುರಿದು ಹಾಕಲು ಒಳ್ಳೆಯದು, ತಟ್ಟೆಗೆ ಬೇಡ.

ನೀಲಿ: ರೋಕ್‌ಫೋರ್ ಅಥವಾ ಫೂರ್ಮ್ ದಾಂಬೆರ್

ರೋಕ್‌ಫೋರ್ ಹುಟ್ಟುವುದು ಅವೇರೊಂ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ. ಲಕೋನ್ ತಳಿಯ ಕುರಿಯ ಕಾಯಿಸದ ಹಾಲು, ಕೊಂಬಲೂ ಗುಡ್ಡದ ಗವಿಗಳು. ಗವಿಯ ಬಂಡೆಯಲ್ಲಿ ಉದ್ದುದ್ದ ಬಿರುಕುಗಳಿವೆ. ಅವುಗಳ ಮೂಲಕ ವರ್ಷವಿಡೀ ತಂಪಾದ ಒದ್ದೆ ಗಾಳಿ ಆಡುತ್ತದೆ. ನೀಲಿ ಬೂಷ್ಟು ಬೆಳೆಯಲು ಆ ಗಾಳಿಯೇ ಬೇಕು. ಫ್ರಾನ್ಸಿನಲ್ಲಿ ಹೆಸರಿನ ಕಾನೂನು ರಕ್ಷಣೆ ಮೊದಲು ಸಿಕ್ಕ ಚೀಸ್ ಇದೇ, 1925ರಲ್ಲಿ. ಉಪ್ಪು ಜೋರು, ಖಾರ ಜೋರು, ಬಾಯಲ್ಲಿ ಕರಗುವಾಗ ಕುರಿ ಹಾಲಿನ ಸಿಹಿ ಕೊನೆಗೆ ಬರುತ್ತದೆ. ಆ ಕೊನೆಯ ಸಿಹಿಗೋಸ್ಕರ ನಾನು ಇದನ್ನು ತಿನ್ನುವುದು.

ಆದರೆ ಮೊದಲ ಸಲ ತಿನ್ನುವವರು ಆ ಸಿಹಿಯ ತನಕ ಹೋಗುವುದಿಲ್ಲ. ಉಪ್ಪಿಗೇ ಹಿಂಜರಿಯುತ್ತಾರೆ. ಅಂಥವರಿಗೆ ಓವೆರ್ನ್ ಸೀಮೆಯ ಫೂರ್ಮ್ ದಾಂಬೆರ್ ಇಡಿ. ಹಸುವಿನ ಹಾಲಿನದು, ಸುಮಾರು 19 ಸೆಂಟಿಮೀಟರ್ ಎತ್ತರದ ಕಂಬದಂಥ ಆಕಾರ. ನೀಲಿ ಚೀಸ್‌ಗಳಲ್ಲಿ ಇಷ್ಟು ಮೃದು ಸ್ವಭಾವದ್ದು ಅಪರೂಪ. ಮನೆಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊಸಬರಾದರೆ ಫೂರ್ಮ್, ಇಲ್ಲದಿದ್ದರೆ ರೋಕ್‌ಫೋರ್. ಎರಡರ ಪಕ್ಕವೂ ಒಂದು ಚಿಕ್ಕ ಬಟ್ಟಲಲ್ಲಿ ಜೇನು, ಒಂದು ಪೇರ್ ಹಣ್ಣು ಇರಲಿ. ರೋಕ್‌ಫೋರ್‌ಗೆ ಉಪ್ಪಿಲ್ಲದ ಬೆಣ್ಣೆಯನ್ನೂ ಇಡಿ. ಬ್ರೆಡ್ಡಿಗೆ ಮೊದಲು ತೆಳ್ಳಗೆ ಬೆಣ್ಣೆ ಸವರಿದರೆ ಉಪ್ಪಿನ ಜೋರು ತಗ್ಗುತ್ತದೆ.

ಮೇಕೆ ಹಾಲಿನದು

ಇಲ್ಲಿ ನನ್ನ ಆಯ್ಕೆ ಸುಲಭ, ಯಾಕೆಂದರೆ ರೋಕಮದೂರ್ ನಮಗೆ ಹತ್ತಿರದ ಲೋ ಜಿಲ್ಲೆಯದು. ಒಂದೊಂದೂ 35 ಗ್ರಾಂ ತೂಕದ ಪುಟ್ಟ ಬಿಲ್ಲೆ. ನಾಲ್ಕು ತಂದು ಅರ್ಧ ಮಾಡಿಟ್ಟರೆ ಎಂಟು ಜನಕ್ಕೆ ಆಯಿತು, ಕತ್ತರಿಸುವ ರಗಳೆ ಇಲ್ಲ. ನೋಟ ಬೇಕು ಅನ್ನುವವರು ಲುವಾರ್ ಕಣಿವೆಯ ಕಡೆಯ ಸೇಂತ್ ಮೋರ್ ದ ತುರೇನ್ ತನ್ನಿ. ಬೂದಿ ಬಳಿದ ಉದ್ದನೆಯ ಕೊರಡು, ನಡುವೆ ಒಂದು ಹುಲ್ಲಿನ ಕಡ್ಡಿ. ಮೆತ್ತನೆಯ ಚೀಸ್ ಮುರಿಯದಿರಲಿ ಅಂತ ಇಟ್ಟ ಕಡ್ಡಿ ಅದು. ಈಗ ಅದರ ಮೇಲೆ ಮಾಡಿದವರ ಗುರುತೂ ಕೊರೆದಿರುತ್ತದೆ. ಕತ್ತರಿಸುವ ಮೊದಲು ಅದನ್ನು ಎಳೆದು ತೆಗೆಯಿರಿ. ಮೇಕೆ ಚೀಸ್ ವಸಂತದಿಂದ ಶರತ್ಕಾಲದ ತನಕ ಚೆನ್ನ. ಚಳಿಗಾಲದಲ್ಲಿ ಮೇಕೆಗಳ ಹಾಲು ಬತ್ತುತ್ತದೆ, ಆಗ ಇದರ ಬದಲು ಓಸ್ಸೋ ಇರಾತಿ ಇಡಿ.

ಎಪ್ವಾಸ್, ಮುನ್‌ಸ್ಟೆರ್‌ನಂಥ ತೊಳೆದ ಸಿಪ್ಪೆಯ ಚೀಸ್‌ಗಳ ಬಗ್ಗೆ ಒಂದೇ ಮಾತು. ವಾಸನೆ ರುಚಿಗಿಂತ ಎಷ್ಟೋ ಪಾಲು ಜೋರು. ಎಪ್ವಾಸ್ ಸಿಪ್ಪೆಯನ್ನು ಬರ್ಗಂಡಿಯ ಮಾರ್ ಎಂಬ ಮದ್ಯ ಸೇರಿಸಿದ ನೀರಿನಲ್ಲಿ ತೊಳೆಯುತ್ತಾರೆ, ಮದ್ಯ ಮುಟ್ಟದವರಿಗೆ ಇದನ್ನು ಹೇಳಲೇಬೇಕು. ಐದು ಬಗೆ ಇಡುವಾಗ ಒಂದಾಗಿ ಇರಲಿ, ಮೂರರಲ್ಲಿ ಬೇಡ.

ಯಾರು ಬರುತ್ತಿದ್ದಾರೆ ಅನ್ನುವುದು

ನಮ್ಮವರನ್ನು ಕರೆಯುವಾಗ ಇದು ಎಲ್ಲಕ್ಕಿಂತ ಮುಖ್ಯ. ಚೀಸ್ ಅಂದರೆ ಹಾಲು, ಹಾಲು ಅಂದರೆ ಸಸ್ಯಾಹಾರ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಕೊಂತೆ, ರೋಕ್‌ಫೋರ್, ಬ್ರೀ ದ ಮೋ, ಕಮಂಬೆರ್ ದ ನೊರ್ಮಾಂದಿ, ಈ ಎಲ್ಲಕ್ಕೂ ಹಾಲು ಹೆಪ್ಪುಗಟ್ಟಿಸಲು ಬಳಸುವುದು ಎಳೆಗರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು. ಇದು ಗೊತ್ತಾದ ದಿನ ನನಗೆ ಒಂಥರಾ ಆಯಿತು. ಅದಕ್ಕೂ ಮೊದಲು ಎಷ್ಟೋ ಸಸ್ಯಾಹಾರಿ ಗೆಳೆಯರಿಗೆ ಬಡಿಸಿದ್ದೆ. ಈಗ ಕರೆಯುವಾಗಲೇ ಹೇಳಿಬಿಡುತ್ತೇನೆ. ಕೆಲವರು ಪರವಾಗಿಲ್ಲ ಅನ್ನುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ತೀರ್ಮಾನ ಅವರದು, ಆದರೆ ತಿಳಿಸುವ ಜವಾಬ್ದಾರಿ ನಮ್ಮದು ಅಲ್ವಾ?

ಇಲ್ಲಿನ ಪೊಟ್ಟಣದ ಮೇಲೆ 'ಪ್ರೆಸ್ಯೂರ್' ಎಂದಿದ್ದರೆ ಪ್ರಾಣಿಮೂಲದ್ದು ಅಂತ ತಿಳಿಯಿರಿ. 'ಕೊಆಗ್ಯುಲಾನ್ ವೆಜೆತಾಲ್' ಅಥವಾ 'ಮಿಕ್ರೊಬಿಯೆನ್' ಎಂದಿದ್ದರೆ ಸಸ್ಯದ್ದು ಅಥವಾ ಸೂಕ್ಷ್ಮಜೀವಿಯಿಂದ ಮಾಡಿದ್ದು. ಹೆಸರಾಂತ ಎಒಪಿ ಚೀಸ್‌ಗಳಲ್ಲಿ ಇಂಥದ್ದು ಹುಡುಕುವುದು ಕಷ್ಟ, ಸೂಪರ್ ಮಾರ್ಕೆಟ್ಟಿನ ಸಾಮಾನ್ಯ ಚೀಸ್‌ಗಳಲ್ಲಿ ಸುಲಭವಾಗಿ ಸಿಗುತ್ತದೆ. ಸಸ್ಯಾಹಾರಿಗಳು ಬರುವ ದಿನ ನಾನು ಹೆಸರಿನ ಆಸೆ ಬಿಟ್ಟು ಅಂಥ ಮೂರನ್ನೇ ತರುತ್ತೇನೆ. ಎರಡು ತಟ್ಟೆ ಮಾಡಿ ಒಬ್ಬರನ್ನು ಬೇರೆ ಕೂರಿಸುವುದಕ್ಕಿಂತ ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕುವುದು ಚೆಂದ. ಭಾರತಕ್ಕೆ ತರಿಸುವ ಚೀಸ್ ಪ್ರಾಣಿಮೂಲದ ಹೆಪ್ಪಿನದು ಆಗಿರಬಾರದು ಎಂಬ ಷರತ್ತಿದೆ. ಹಾಗಾಗಿ ಬೆಂಗಳೂರಿನಲ್ಲಿ ತಟ್ಟೆ ಜೋಡಿಸುವವರಿಗೆ ಈ ಚಿಂತೆ ಕಡಿಮೆ, ಆದರೆ ಮೇಲೆ ಹೇಳಿದ ಹೆಸರುಗಳು ಅಲ್ಲಿ ಸಿಗುವುದೂ ಕಷ್ಟ.

ಇನ್ನೊಂದು ಎಚ್ಚರಿಕೆ. ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ತೀರಾ ವಯಸ್ಸಾದವರು ಬರುವುದಿದ್ದರೆ ಕಾಯಿಸದ ಹಾಲಿನ ಚೀಸ್ ಅವರಿಗೆ ಕೊಡಬೇಡಿ. ಲಿಸ್ಟೀರಿಯಾದಂಥ ರೋಗಾಣುಗಳ ಭಯ ಇರುತ್ತದೆ. ಪೊಟ್ಟಣದ ಮೇಲೆ 'ಲೇ ಕ್ರೂ' ಎಂದಿದ್ದರೆ ಕಾಯಿಸದ ಹಾಲು. ಕೊಂತೆ, ಬೋಫೋರ್ ಕಾಯಿಸದ ಹಾಲಿನವೇ ಆದರೂ ಮೊಸರುಗಡ್ಡೆಯನ್ನು ಬಿಸಿ ಮಾಡಿ, ಒತ್ತಿ, ತಿಂಗಳುಗಟ್ಟಲೆ ಒಣಗಿಸಿರುವುದರಿಂದ ಇಲ್ಲಿನ ಆರೋಗ್ಯ ಇಲಾಖೆಯ ಸಲಹೆಯಲ್ಲಿ ಅವಕ್ಕೆ ವಿನಾಯಿತಿ ಇದೆ. ಸಿಪ್ಪೆ ತೆಗೆದು ಕೊಡಿ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಜೀರ್ಣವಾಗದವರಿಗೂ ಇವೇ ಒಳ್ಳೆಯದು, ಇಷ್ಟು ಹೊತ್ತು ಮಾಗಿದ ಚೀಸಿನಲ್ಲಿ ಲ್ಯಾಕ್ಟೋಸ್ ಹೆಚ್ಚುಕಡಿಮೆ ಇರುವುದೇ ಇಲ್ಲ.

ಜೊತೆಗೆ ಏನು

ಬ್ರೆಡ್ಡು, ಹಣ್ಣು, ಕುಡಿಯಲು ಏನಾದರೂ. ಉಪ್ಪು ಬಿಸ್ಕತ್ತು, ಆಲಿವ್, ಚಟ್ನಿ, ಒಣಹಣ್ಣಿನ ರಾಶಿ ಇವೆಲ್ಲ ಫೋಟೋಗೆ ಚೆಂದ, ಆದರೆ ಊಟವಾದ ಮೇಲೆ ಯಾರಿಗೂ ಬೇಕಿರುವುದಿಲ್ಲ. ಒಂದು ಬಗೆತ್ (ಉದ್ದನೆಯ ಫ್ರೆಂಚ್ ಬ್ರೆಡ್ಡು), ಒಂದು ಅಕ್ರೋಟು ಹಾಕಿದ ಬ್ರೆಡ್ಡು ಸಾಕು.

ವೈನ್ ಕುಡಿಯುವವರಿಗೆ ಬಿಳಿಯೋ ಕೆಂಪೋ ಎಂಬ ಪ್ರಶ್ನೆ ಬರುತ್ತದೆ. ಕೆಂಪು ವೈನಿನ ಒಗರು ಮೆತ್ತನೆಯ ಚೀಸ್ ಜೊತೆ ಕಹಿಯಾಗುತ್ತದೆ, ಬಿಳಿಯೇ ಮೇಲು. ಮೇಕೆ ಚೀಸಿಗೆ ಸಾನ್ಸೇರ್, ರೋಕ್‌ಫೋರ್‌ಗೆ ಸಿಹಿಯಾದ ಸೋತೆರ್ನ್, ಕಮಂಬೆರ್‌ಗೆ ಅದರದೇ ನಾಡಿನ ಸೇಬಿನ ಸಿಡರ್. ಕುಡಿಯದವರಿಗೆ ಸೋಸದ ಸೇಬಿನ ರಸ ತಣ್ಣಗೆ ಮಾಡಿ ಕೊಡಿ. ಮೂರು ಚೀಸಿಗೂ ಅದು ಹೊಂದುತ್ತದೆ.

ಮೇಜಿನ ಮೇಲೆ

ಊಟಕ್ಕೆ ಕೂರುವ ಹೊತ್ತಿಗೇ ಚೀಸನ್ನು ಫ್ರಿಜ್‌ನಿಂದ ತೆಗೆದು ಒಂದು ತೆಳು ಬಟ್ಟೆ ಮುಚ್ಚಿಡಿ. ತಣ್ಣಗಿನ ಚೀಸಿಗೆ ರುಚಿಯೇ ಇಲ್ಲ. ಒಂದು ಗಂಟೆ ಬೇಕು. ತಟ್ಟೆಯಲ್ಲಿ ಸೌಮ್ಯವಾದದ್ದರಿಂದ ಶುರು ಮಾಡಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಜೋರಿನ ಕಡೆಗೆ ಇಡಿ, ನೀಲಿ ಕೊನೆಗೆ. ಅದಕ್ಕೆ ಬೇರೆ ಚಾಕು.

ಕತ್ತರಿಸುವುದರಲ್ಲಿ ಇಲ್ಲಿನವರದು ಒಂದೇ ನ್ಯಾಯ: ಪ್ರತಿಯೊಬ್ಬರ ತುಂಡಿನಲ್ಲೂ ಸಿಪ್ಪೆಯೂ ಇರಬೇಕು, ನಡುವಿನ ತಿರುಳೂ ಇರಬೇಕು. ಬ್ರೀ ಹೋಳಿನ ಚೂಪು ತುದಿಯನ್ನು ಅಡ್ಡಕ್ಕೆ ಕತ್ತರಿಸಿಕೊಂಡರೆ ಮೂಗು ಕೊಯ್ದ ಹಾಗೆ ಅನ್ನುತ್ತಾರೆ. ಆ ತುದಿಯೇ ಬಿಲ್ಲೆಯ ನಡು, ಅತಿ ರುಚಿಯಾದ ಭಾಗ, ಒಬ್ಬರೇ ತೆಗೆದುಕೊಂಡರೆ ಉಳಿದವರಿಗೆ ಬರೀ ಅಂಚು. ತುದಿಯಿಂದ ಸಿಪ್ಪೆಯ ತನಕ ಉದ್ದಕ್ಕೆ ತೆಳ್ಳಗೆ ಕೊಯ್ಯಬೇಕು. ಕಮಂಬೆರ್ ಕೇಕಿನ ಹಾಗೆ. ಸೇಂತ್ ಮೋರ್ ದುಂಡು ದುಂಡಾಗಿ. ರೋಕ್‌ಫೋರನ್ನು ತೆಳು ಅಂಚಿನ ನಡುವಿನಿಂದ ಬೀಸಣಿಗೆಯ ಕಡ್ಡಿಗಳಂತೆ, ಆಗ ನೀಲಿ ಎಲ್ಲರಿಗೂ ಸಿಗುತ್ತದೆ. ಹೊಸಬರು ಇದ್ದರೆ ನಾನು ಪ್ರತಿಯೊಂದರಿಂದ ಒಂದು ತುಂಡು ಮೊದಲೇ ಕೊಯ್ದಿಡುತ್ತೇನೆ. ಅದನ್ನು ನೋಡಿ ಮುಂದಿನವರು ಹಾಗೇ ಕೊಯ್ಯುತ್ತಾರೆ, ಹೇಳಿಕೊಡುವ ಮುಜುಗರ ಇರುವುದಿಲ್ಲ.

ತಟ್ಟೆ ಒಂದೇ ಸುತ್ತು ಹೋಗುತ್ತದೆ. 'ಇನ್ನೊಂಚೂರು ಹಾಕಿಕೊಳ್ಳಿ' ಅಂತ ಬಲವಂತ ಮಾಡುವ ನಮ್ಮ ಅಭ್ಯಾಸ ಇಲ್ಲಿ ಚೀಸಿಗೆ ಇಲ್ಲ. ಎರಡನೇ ಸಲ ಕೇಳಿದರೆ ಮೊದಲ ಊಟ ಸಾಲಲಿಲ್ಲವೇನೋ ಅನ್ನುವ ಅರ್ಥ ಬರುತ್ತದೆ. ಆದರೆ ನಮ್ಮವರು ಬಂದ ದಿನ ನಾನು ತಟ್ಟೆಯನ್ನು ಮೇಜಿನ ಮೇಲೆಯೇ ಬಿಡುತ್ತೇನೆ. ಮಾತಿನ ನಡುವೆ ಕೊಂತೆ ತಾನಾಗಿಯೇ ಖಾಲಿಯಾಗುತ್ತದೆ. ಉಳಿದದ್ದನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ, ಬೆವರಿ ಕೆಡುತ್ತದೆ. ಅಂಗಡಿಯವರು ಕೊಟ್ಟ ಕಾಗದದಲ್ಲೇ ಸುತ್ತಿ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿಡಿ. ನೀಲಿಯದನ್ನು ಬೇರೆ ಮುಚ್ಚಳದ ಡಬ್ಬಿಯಲ್ಲಿಡಿ.